ನೀಲಿ ದಾರದ ಚೀಲ

ಹೋದ ಮಂಗಳವಾರ ನಾನೊಂದು ಭಾಷಣ ಮಾಡಿದೆ ಮಕ್ಕಳೇ. ನಿಮ್ಮ ಅಜ್ಜಿ, ಭಾಷಣ! ಅದೂ ತಪ್ಪು ಮನೆಯಲ್ಲಿ.

ಬೆಳಿಗ್ಗೆ ಬಾಗಿಲು ತೆಗೆದರೆ ಕಟ್ಟೆಯ ಮೇಲೆ ಒಂದು ಚೀಲ ಬ್ಯಾಡಗಿ ಮೆಣಸಿನಕಾಯಿ. ಹೆಸರಿಲ್ಲ, ಚೀಟಿಯಿಲ್ಲ. ರಾಣೆಬೆನ್ನೂರಿನಲ್ಲಿ ನನ್ನ ಜೊತೆಗಿದ್ದು ಪಿಯುಸಿ ಸೈನ್ಸ್ ಓದುವ ನಿಮ್ಮ ಅಕ್ಕ ಎಸ್ತೇರ್ ಆಗಲೇ ಮುಖ ಊದಿಸಿಕೊಂಡಿದ್ದಳು. ರವಿವಾರ ಚರ್ಚಿನಲ್ಲಿ ಅವಳ ದೃಢೀಕರಣ. ಎಲ್ಲರೆದುರು ಎದ್ದು ನಿಂತು “ನಂಬುತ್ತೇನೆ” ಅನ್ನಬೇಕು.

“ಅಜ್ಜಿ, ದೇವ್ರನ್ನ ವಿಚಾರ ಮಾಡಿ ನಂಬಬೇಕೋ, ಬೈಬಲ್‌ನಾಗ ಹೇಳೈತಿ ಅಂತ ನಂಬಬೇಕೋ? ತಿಳೀದನ ನಾ ನಿಲ್ಲೂದಿಲ್ಲ ನೋಡು.”

ಏಳನೇ ಇಯತ್ತೆ ಓದಿದವಳಿಗೆ (ಅದೂ ಹಳ್ಳಿ ಸಾಲಿ) ಇಂಥ ಪ್ರಶ್ನೆ! “ಮೊದಲು ಈ ಚೀಲದ ವಿಚಾರ ಮಾಡೂಣು ಬಾ” ಅಂದೆ.

ಮಾಡಿದೆವು. ಒಂದೊಂದೇ ಕಾಯಿಯ ತೊಟ್ಟು ಬಿಡಿಸಿದ್ದಾರೆ, ಅಂದರೆ ತಾಳ್ಮೆಯವರು. ಬಣ್ಣ ಜಾಸ್ತಿ, ಖಾರ ಕಮ್ಮಿ. ನನ್ನ ಹೊಟ್ಟೆಯ ಕಥೆ ಬಲ್ಲವರು! ಚೀಲದ ಬಾಯಿಗೆ ನೀಲಿ ದಾರದ ಹೊಲಿಗೆ. ಎದುರುಮನೆಯ ಟೇಲರ್ ಗಿರಿಜಕ್ಕ ಅಲ್ಲದೆ ಮತ್ತ್ಯಾರು?

ನಾಚಿಕೆ ನುಂಗಿ, ಡಬ್ಬಿ ತುಂಬ ರವೆ ಉಂಡಿ ಒಯ್ದು, ಅವಳ ಒಳ್ಳೆಯತನದ ಬಗ್ಗೆ ಐದು ನಿಮಿಷ ಮಾತಾಡಿದೆ. ಗಿರಿಜಕ್ಕ ಪೂರ್ತಿ ಕೇಳಿ, ಒಂದು ಉಂಡಿ ಬಾಯಿಗೆ ಹಾಕಿಕೊಂಡಳು.

“ಯಾವ ಮೆಣಸಿನಕಾಯಿರಿ ಅಮ್ಮಾರ? ಆದ್ರ ಉಂಡಿ ವಾಪಸ್ ಕೊಡೂದಿಲ್ಲ ಮತ್ತ!”

ಓಡಿ ಬಂದೆ. ಬಂದರೆ ಫೋನು.

“ವೈನಿ, ನಾನರೀ, ಬ್ಯಾಡಗಿಯಿಂದ. ಆಟೋದವನ ಕೈಲೆ ಚೀಲ ಕಳಿಸಿದ್ದೆ. ನೀಲಿ ದಾರ ಹಾಕಿ ಹೊಲಿದಿದ್ದೆ, ಮುಟ್ಟಿತ?”

ನನ್ನ ನಾದಿನಿ! ನಿಮ್ಮ ಅಜ್ಜ ತೀರಿಕೊಂಡಾಗಿನಿಂದ ಮಾತು ಬಿಟ್ಟವಳು. (ಯಾಕೆ ಬಿಟ್ಟೆವೋ, ಇಬ್ಬರಿಗೂ ಮರೆತಿದೆ.) ನೂರು ಹೆಸರು ಊಹಿಸಿದ್ದರೂ ಅವಳದು ಬರುತ್ತಿರಲಿಲ್ಲ. “ಸಿಟ್ಟು ಸಾಕಾತ್ರಿ. ರವಿವಾರ ಹುಡುಗಿ ದೃಢೀಕರಣಕ್ಕ ಬರ್ತೇನಿ” ಅಂದಳು. ಅತ್ತುಬಿಟ್ಟೆ, ನಕ್ಕುಬಿಟ್ಟೆ, ಕುಣಿಯುವುದೊಂದು ಬಾಕಿ.

“ನೋಡವಾ,” ಎಸ್ತೇರ್‌ಗೆ ಹೇಳಿದೆ, “ನನ್ನ ಬಲ್ಲವರು ಯಾರೋ ಕಳಿಸ್ಯಾರ ಅಂತ ವಿಚಾರ ಮಾಡಿದ್ರ ತಿಳೀತು. ಯಾರು ಅಂತ ಅಕಿನ ಹೇಳಬೇಕಾತು. ಅಕಿ ಹೇಳಿದ್ದು ಖರೇ ಅಂತ ಮತ್ತ ಆ ನೀಲಿ ದಾರನ ತೋರಿಸ್ತು. ಲೋಕ ನೋಡಿ, ಮಾಡಿದಾಂವ ಒಬ್ಬ ಅದಾನ ಅನ್ನಬಹುದು. ನಮ್ಮ ತಪ್ಪು ಮರೆತು ಪ್ರೀತಿ ಮಾಡ್ತಾನ ಅನ್ನೂದನ್ನ ಅಂವನ ಬಂದು ಹೇಳಬೇಕು. ಯೇಸು ಬಂದದ್ದು ಅದಕ್ಕ.”

“ಬರೇ ವಿಚಾರ ಮಾಡ್ಕೋತ ಕುಂತಿದ್ರ ಇನ್ನೂ ಗಿರಿಜಕ್ಕನ ಕಾಲಿಗೆ ಬೀಳ್ತಿದ್ದಿ ನೀ!” ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ರವಿವಾರ ಎದ್ದು ನಿಂತಳು. “ನಂಬುತ್ತೇನೆ” ಅಂದಳು. ದನಿ ನಡುಗಲಿಲ್ಲ. ನನ್ನ ಹಿಂದಿನಿಂದ ಎಲ್ಲರಿಗಿಂತ ಜೋರಾಗಿ ಒಂದು “ಆಮೆನ್” ಕೇಳಿತು. ತಿರುಗಿದರೆ ನಾದಿನಿ! ಅವಳಿಗಾಗಿ ಎಸ್ತೇರ್ ಬೆಳಿಗ್ಗೆಯೇ ಆ ಬೆಂಚಿನ ಮೇಲೆ ತನ್ನ ದುಪಟ್ಟಾ ಹಾಸಿ ಜಾಗ ಹಿಡಿದಿಟ್ಟಿದ್ದಳಂತೆ.

ಬರುತ್ತೇನೆ ಅಂದದ್ದನ್ನು ನನ್ನ ಕಿವಿಯಾರೆ ಕೇಳಿಯೂ ನಂಬದೆ ಕೂತಿದ್ದವಳು ಯಾರು, ಹೇಳಿ ನೋಡೋಣ?