ಎರಡು ರೋಮ್‌ಗಳ ನಡುವಿನ ಮೇಷ್ಟ್ರು

ಎಪ್ಪತ್ತರ ದಶಕದಲ್ಲಿ, ಅಮೆರಿಕದ ಈಸ್ಟ್ ಬ್ರನ್ಸ್‌ವಿಕ್ಕಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯಲ್ಲಿದ್ದವರು ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳುವ ಒಂಟಿ ಮೇಷ್ಟ್ರು. ಮಾತಾಡುವಾಗೆಲ್ಲ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸುತ್ತಿದ್ದರು. ಅವರಿಗೆ ಅಚ್ಚುಮೆಚ್ಚು ಹೂಣರ ದೊರೆ. ರೋಮ್ ಸಾಮ್ರಾಜ್ಯ ಎರಡಾಗಿ ಒಡೆದಿದ್ದ ಕಾಲದಲ್ಲಿ ಆತ ಪೂರ್ವ ರೋಮಿನವರ ಕಾಣಿಕೆಯನ್ನು ಪಶ್ಚಿಮದವರ ಮುಂದೆ, ಪಶ್ಚಿಮದವರದ್ದನ್ನು ಪೂರ್ವದವರ ಮುಂದೆ ಹೊಗಳಿ, ಎರಡೂ ಕಡೆ ವಸೂಲಿ ಮಾಡಿದನಂತೆ. "ಎರಡು ರೋಮೂ ಒಂದಾದ್ರೆ ಹೂಣನಿಗೆ ಉಪವಾಸ ಕಣಯ್ಯ" ಎಂದು ನಗುತ್ತಿದ್ದರು.

ಮೇಷ್ಟ್ರು ಬದುಕಿದ್ದೂ ಹಾಗೆಯೇ. ಧಾರವಾಡದ ನನ್ನ ಹೆಂಡತಿಗೂ ಮೇಲಿನ ಮನೆಯ ಮೈಸೂರಿನಾಕೆಗೂ ಮಾತಿರಲಿಲ್ಲ. ಮೇಷ್ಟ್ರು ನಮ್ಮಲ್ಲಿ ಮೇಲಿನಾಕೆಯ ಬಿಸಿಬೇಳೆಬಾತನ್ನು, ಅಲ್ಲಿ ನಮ್ಮ ಎಣ್ಣೆಗಾಯಿಯನ್ನು ಹೊಗಳುತ್ತಿದ್ದರು. ಮರುದಿನ ಎರಡೂ ಮನೆಯಿಂದ ಡಬ್ಬಿ ಬರುತ್ತಿತ್ತು.

ಒಂದು ಶನಿವಾರ, ಮೇಲಿನಾಕೆಯ ತಾಯಿ ಊರಿನಲ್ಲಿ ತೀರಿಕೊಂಡ ಟೆಲಿಗ್ರಾಂ ಬಂತು. ಮಧ್ಯಾಹ್ನ ನನ್ನ ಹೆಂಡತಿ ಎಂದಿನಂತೆ ಡಬ್ಬಿ ಕೊಟ್ಟರೆ ಮೇಷ್ಟ್ರು ತೆಗೆದುಕೊಳ್ಳಲಿಲ್ಲ.

"ಮೇಲೆ ಒಲೆ ಹಚ್ಚಿಲ್ಲಮ್ಮ" ಎಂದರು.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರೇ ಊಟ ಕೊಡಬೇಕು. ನನ್ನ ಹೆಂಡತಿ ಡಬ್ಬಿಯ ಮುಚ್ಚಳ ಬಿಗಿಮಾಡಿ ಚಪ್ಪಲಿ ಮೆಟ್ಟಿದಳು. "ನೀವೂ ಬರ್ರಿ ಸರ್, ನಾ ಒಬ್ಬಾಕಿ ಹ್ಯಾಂಗ ಹೋಗ್ಲಿ?"

ಮೇಷ್ಟ್ರು ಮುಂದಾಗಿ ಮೆಟ್ಟಿಲು ಹತ್ತಿದರು. ಬಾಗಿಲು ತೆರೆದಾಕೆ ಡಬ್ಬಿಯ ಕಡೆ ನೋಡಲೇ ಇಲ್ಲ, ನನ್ನ ಹೆಂಡತಿಯ ಹೆಗಲಿಗೊರಗಿ ಅತ್ತಳು.

ಸಂಜೆ ಮೇಷ್ಟ್ರ ಊಟ ಇಬ್ಬರಿಗೂ ಮರೆತೇಹೋಗಿತ್ತು. ನಾನು ಹೋಗಿ ನೋಡಿದರೆ ಬ್ರೆಡ್ಡಿಗೆ ಉಪ್ಪಿನಕಾಯಿ ಸವರಿಕೊಂಡು ತಿನ್ನುತ್ತಿದ್ದರು. ಮೇಲಿನಿಂದ ಇಬ್ಬರು ಹೆಂಗಸರ ಮೆಲುಮಾತು ಕೇಳಿಸುತ್ತಿತ್ತು. ಮೇಷ್ಟ್ರು ಕನ್ನಡಕ ತೆಗೆದರು. ಈ ಸಲ ಒರೆಸಿಕೊಂಡಿದ್ದು ಕಣ್ಣು.

"ಉಪವಾಸ ಶುರುವಾಯ್ತು ನೋಡಯ್ಯ" ಎಂದರು.