ಹರಕೆಯ ಹೋತದ ಜೊತೆ ಬೆಳಗಿನ ನಡಿಗೆ

ಒಂದು ಹೋತ ಮೈ ಕೊಡವದೆ ಸುಮ್ಮನೆ ನಿಲ್ಲಲಿ ಎಂದು ತಿಂಗಳುಗಟ್ಟಲೆ ಹಂಬಲಿಸಿದ ಮನುಷ್ಯ ಕೊಯಮತ್ತೂರು ಪಕ್ಕದ ಸೂಲೂರು ಸುತ್ತಮುತ್ತ ನಾನೊಬ್ಬನೇ ಇರಬೇಕು. ಆ ದಿನಗಳನ್ನು ನೆನೆಸಿಕೊಂಡರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಹೇಳಿಯೇ ತೀರಬೇಕು ಅನ್ನಿಸುತ್ತದೆ. ಮನೆಯವರು ಕೇಳಿ ಕೇಳಿ ಕಿವಿ ಮುಚ್ಚಿಕೊಳ್ಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಎಂಬತ್ತರ ದಶಕ. ನನಗೆ ಮೂವತ್ತೇಳು. ನಮ್ಮದು ತಲೆತಲಾಂತರದಿಂದ ಇಲ್ಲೇ ನೆಲೆಸಿದ ಬೇಸಾಯದ ಮನೆ. ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಾನು ಹೊಲ ಬಿಟ್ಟು ನೂಲಿನ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದೆ. ಬೀಡಿ, ಟೀ, ಭಾನುವಾರ ತಪ್ಪದೆ ಅವ್ವನ ಕೈಯ ಕರಿ ಕೊಳಂಬು ಅನ್ನುವ ಮಾಂಸದ ಸಾರು, ಉಳಿದ ದಿನ ಕರುವಾಡು. ಒಣಮೀನು ಹುರಿಯುವ ಆ ವಾಸನೆಗೆ ಬೀದಿಯ ನಾಯಿಗಳೆಲ್ಲ ನಮ್ಮ ಮನೆಯ ಮುಂದೆ ಹಾಜರಿ ಹಾಕುತ್ತಿದ್ದವು. ಹೀಗಿರುವಾಗ ಒಂದು ದಿನ ಕೆಲಸದ ನಡುವೆಯೇ ಕಣ್ಣಿಗೆ ಕತ್ತಲೆ ಬಂದು ಬಿದ್ದೆ. ಕೊಯಮತ್ತೂರಿನ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ನೋಡಿ, ರಕ್ತದೊತ್ತಡ ಮೇಲೇರಿ ಕೂತಿದೆ ಅಂದರು. ಮಾತ್ರೆ ಬರೆದುಕೊಟ್ಟರು. ಬೀಡಿ ಬಿಡು, ಉಪ್ಪು ಇಳಿಸು, ಮಾಂಸ ಬಿಟ್ಟು ಸೊಪ್ಪು, ಕಾಳು, ತರಕಾರಿ ತಿನ್ನು, ದಿನಾ ಬೆಳಿಗ್ಗೆ ಒಂದು ಗಂಟೆ ನಡಿ ಎಂದರು.

ನಮ್ಮಪ್ಪ ನಲವತ್ತು ದಾಟುವ ಮೊದಲೇ ಹತ್ತಿಯ ಹೊಲದಲ್ಲಿ ಹೀಗೆಯೇ ಬಿದ್ದಿದ್ದ, ಏಳಲೇ ಇಲ್ಲ. ಅವ್ವನಿಗೆ ಇನ್ನೇನು ಬೇಕು? ಡಾಕ್ಟರ ಮಾತು ಮುಗಿಯುವ ಮೊದಲೇ ಅವಳು ಕುಲದೇವತೆಯ ಗುಡಿಯಲ್ಲಿದ್ದಳು. ಆ ದೇವಿಯನ್ನು ನಾವು ಅಮ್ಮ ಅನ್ನುತ್ತೇವೆ, ಹೆತ್ತವಳನ್ನು ಅವ್ವ. ಮಗ ಎದ್ದು ಓಡಾಡಿದರೆ ಬರುವ ಬೇಸಿಗೆಯ ಪೂಜೆಗೆ ಒಂದು ಹೋತ ಕೊಡುತ್ತೇನೆ, ಅವನ ಪ್ರಾಣಕ್ಕೆ ಒಂದು ಪ್ರಾಣ ತಗೋ ಎಂದು ಹರಕೆ ಹೊತ್ತು ಬಂದಳು. ಮರುವಾರವೇ ಮರಿ ಮನೆಗೆ ಬಂತು. ಕಪ್ಪು ಮೈ, ಒಂದು ಕಿವಿ ಮಾತ್ರ ಬಿಳಿ. ಹರಕೆಯ ಮರಿಗೆ ಹೆಸರಿಡಬಾರದು. ಹೆಸರಿಟ್ಟರೆ ಅದು ನಮ್ಮದಾಗಿಬಿಡುತ್ತದಂತೆ. ಅವ್ವ ಅದನ್ನು ‘ಅಮ್ಮನ ಸೊತ್ತು’ ಎಂದೇ ಕರೆದಳು.

ನನಗಿದ್ದ ಕಷ್ಟ ಬೇರೆ. ನಮ್ಮೂರಲ್ಲಿ ಯಾರೂ ಸುಮ್ಮನೆ ನಡೆಯುವುದಿಲ್ಲ. ಮೊದಲ ದಿನ ಕೈಬೀಸಿಕೊಂಡು ಹೊರಟರೆ ಎದುರು ಬಂದವರೆಲ್ಲ ಎಲ್ಲಿಗೆ ಎಂದು ಕೇಳಿದರು. ಎಲ್ಲಿಗೂ ಇಲ್ಲ, ಸುಮ್ಮನೆ ಅಂದೆ. ಪಾಪ, ಬಿದ್ದಾಗ ತಲೆಗೇ ಪೆಟ್ಟಾಗಿದೆ ಎಂದು ಹೆಂಡತಿಯ ಹತ್ತಿರ ವಿಚಾರಿಸಿದರು. ಮೂರನೆಯ ದಿನ ನನಗೆ ಉಪಾಯ ಹೊಳೆಯಿತು. ಮರಿಯ ಹಗ್ಗ ಹಿಡಿದು ಹೊರಟೆ. ಮೇಯಿಸಲು ಹೋಗುವ ಮನುಷ್ಯನನ್ನು ಯಾರು ಕೇಳುತ್ತಾರೆ? ನನ್ನ ಮರ್ಯಾದೆ ಉಳಿಯಿತು.

ಆ ಬೆಳಗುಗಳು! ಕೆರೆ ಏರಿಯ ಮೇಲೆ ಅದು ಮುಂದೆ, ನಾನು ಹಿಂದೆ. ನಾನು ನಿಂತರೆ ಅದು ತಿರುಗಿ ನೋಡಿ ಬೈಯುವಂತೆ ಕೂಗುತ್ತಿತ್ತು. ಅದು ನಿಂತರೆ ನಾನೂ ನಿಂತು, ಬೇಲಿಯಲ್ಲಿ ಅದು ಯಾವ ಸೊಪ್ಪು ಆರಿಸುತ್ತದೆ ನೋಡುತ್ತಿದ್ದೆ. ಪಕ್ಕದ ನೆಲೆಯಿಂದ ವಾಯುಪಡೆಯ ವಿಮಾನ ತಲೆಯ ಮೇಲೆ ಗುಡುಗಿಕೊಂಡು ಹೋದರೆ ಓಡಿಬಂದು ನನ್ನ ಮೊಣಕಾಲ ಸಂದಿಯಲ್ಲಿ ಮುಖ ತೂರಿಸುತ್ತಿತ್ತು. ಅದರ ಎದೆ ಡವಡವ ಬಡಿದುಕೊಳ್ಳುವುದು ನನ್ನ ಕಾಲಿಗೆ ತಿಳಿಯುತ್ತಿತ್ತು. ಇಷ್ಟು ವರ್ಷ ನನ್ನ ತಟ್ಟೆಯಲ್ಲಿ ಕೂತಿದ್ದುದೂ ಹೀಗೆಯೇ ಹೆದರಿರಬೇಕಲ್ಲ ಎಂದು ನನಗೆ ಮೊದಲ ಸಲ ಅನ್ನಿಸಿದ್ದು ಅಲ್ಲೇ.

ಇತ್ತ ನನ್ನ ಊಟವೂ ಬದಲಾಗಿತ್ತು. ಬೆಳಿಗ್ಗೆ ಸಜ್ಜೆ ಗಂಜಿಗೆ ಮಜ್ಜಿಗೆ, ಮಧ್ಯಾಹ್ನ ರಾಗಿ ಮುದ್ದೆಗೆ ಹುರುಳಿಕಾಳಿನ ಸಾರು, ನುಗ್ಗೆಸೊಪ್ಪು, ಬಾಳೆದಿಂಡಿನ ಪಲ್ಯ. ಮೊದಲ ವಾರ ಅತ್ತುಬಿಡುವಂತಾಗಿತ್ತು. ಆಮೇಲೆ ನಾಲಗೆಗೆ ನಿಧಾನವಾಗಿ ಬುದ್ಧಿ ಬಂತು. ಹುರುಳಿಗೆ ಒಂದು ಸಿಹಿ ಇದೆ, ನುಗ್ಗೆಸೊಪ್ಪಿನಲ್ಲಿ ಬೆಣ್ಣೆಯ ಪರಿಮಳ ಇದೆ ಎಂದು ಕಂಡುಕೊಂಡು ಮಿಲ್ಲಿನಲ್ಲಿ ಎಲ್ಲರಿಗೂ ಹೇಳಿ ಬೇಸರ ಹಿಡಿಸಿದೆ. ಬಾವಿಯ ಮೆಟ್ಟಿಲು ಏದುಸಿರಿಲ್ಲದೆ ಹತ್ತಿದ ದಿನ ಮೇಲೆ ನಿಂತು ಕೇಕೆ ಹಾಕಿದ್ದೆ. ಡಾಕ್ಟರು ಪಟ್ಟಿ ಬಿಚ್ಚಿ ತಲೆದೂಗಿದರು. ಅವ್ವ ಮಾತ್ರ ನನ್ನದನ್ನು ಬೇರೆ ಒಲೆಯಲ್ಲಿ ಬೇಯಿಸಿ ಇಟ್ಟು, ತನ್ನ ಕರುವಾಡಿನ ತಟ್ಟೆ ಎಳೆದುಕೊಳ್ಳುತ್ತಿದ್ದಳು. ಒಂದು ದಿನವಾದರೂ ನನ್ನ ಅಡುಗೆಯ ರುಚಿ ನೋಡಲಿಲ್ಲ. “ಆಡು ತಿನ್ನೋದನ್ನ ನೀ ತಿಂತಾ ಇದ್ದೀಯ, ಇನ್ನು ಕೊಂಬು ಬರೋದೊಂದೇ ಬಾಕಿ” ಅನ್ನುತ್ತಿದ್ದಳು.

ಹೀಗೆ ನನ್ನನ್ನು ದಿನಾ ನಡೆಸಿ ಗುಣಪಡಿಸಿದ್ದು ಯಾರು? ನಾನು ಗುಣವಾದದ್ದಕ್ಕೆ ಕಡಿಯಬೇಕಾದದ್ದು ಯಾರನ್ನು? ಈ ಲೆಕ್ಕ ತಲೆಗೆ ಹೊಕ್ಕ ಮೇಲೆ ನೆಮ್ಮದಿ ಹಾರಿಹೋಯಿತು. ಅವ್ವನ ಹತ್ತಿರ ಬಾಯಿಬಿಟ್ಟೆ. ಅವಳು ಒಲೆಯ ಮುಂದಿನಿಂದ ತಿರುಗದೆಯೇ ಹೇಳಿದಳು. “ನಿಮ್ಮಪ್ಪನಿಗೆ ನೀ ಕೊಳ್ಳಿ ಇಟ್ಟೆ. ನಿನಗೆ ನಿನ್ನ ಮಗ ಇಡೋದನ್ನ ನಾ ನಿಂತು ನೋಡಬೇಕಾ? ಹೇಳು ಕಣ್ಣು.” ಪ್ರೀತಿ ಉಕ್ಕಿದಾಗ ಅವಳ ಬಾಯಲ್ಲಿ ನಾನು ತಮಿಳರ ಹಾಗೆ ‘ಕಣ್ಣು’. ಎದ್ದುಬಂದು ಮರಿಗೆ ಸೊಪ್ಪು ಕಟ್ಟಿದೆ.

ಆದರೆ ಒಂದು ಕಿಂಡಿ ಇತ್ತು. ನಮ್ಮ ಕಡೆ ಹರಕೆಯ ಹೋತವನ್ನು ಹಾಗೇ ಎಳೆದು ಕಡಿಯುವುದಿಲ್ಲ. ಗುಡಿಯ ಮುಂದೆ ನಿಲ್ಲಿಸಿ ಬೆನ್ನ ಮೇಲೆ ಅರಿಸಿನ ನೀರು ಸುರಿಯುತ್ತಾರೆ. ಅದು ಗಡಗಡ ಮೈ ಕೊಡವಿದರೆ ಅಮ್ಮ ಒಪ್ಪಿದಳು ಎಂದು ಅರ್ಥ. ಮೂರು ಸಲ ಸುರಿದರೂ ಕೊಡವದಿದ್ದರೆ ತಮಿಳಿನಲ್ಲಿ ಹೇಳುವ ಹಾಗೆ ‘ಉತ್ತರವು’ ಸಿಗಲಿಲ್ಲ, ಅಂದರೆ ಅಮ್ಮನ ಅಪ್ಪಣೆ ಆಗಲಿಲ್ಲ ಎಂದು ಬಿಟ್ಟುಬಿಡಬೇಕು. ಯಾವ ಹೋತ ತಾನೇ ಕೊಡವುವುದಿಲ್ಲ? ನೀರು ಬಿದ್ದರೆ ಕೊಡವುವುದು ಅದರ ಹುಟ್ಟುಗುಣ. ಆ ಹುಟ್ಟುಗುಣವನ್ನೇ ಬಿಡಿಸುತ್ತೇನೆ ಎಂದು ನಾನು ಪಣತೊಟ್ಟೆ.

ಮರುದಿನದಿಂದ ನಡಿಗೆ ಮುಗಿದ ಮೇಲೆ ಪಂಪುಸೆಟ್ಟಿನ ತೊಟ್ಟಿಯ ಹತ್ತಿರ ಅದಕ್ಕೆ ಸ್ನಾನ. ಮೊದಲ ಚೆಂಬು ಸುರಿದಾಗ ಅದು ಕೊಡವಿದ ರಭಸಕ್ಕೆ ನನ್ನದೂ ಸ್ನಾನವಾಯಿತು. ಹದಿನೈದು ದಿನ ಹೀಗೇ ಇಬ್ಬರೂ ಒದ್ದೆ. ಆಮೇಲೆ ಗುಟ್ಟು ಸಿಕ್ಕಿತು. ಕೊಂಬಿನ ಬುಡ ಕೆರೆಯುತ್ತಾ ನೀರು ಸುರಿದರೆ ಅದಕ್ಕೆ ಕೊಡವುವುದೇ ಮರೆತುಹೋಗುತ್ತದೆ! ಸುಖಕ್ಕೆ ಕಣ್ಣು ಅರೆಮುಚ್ಚಿ ನಿಲ್ಲುತ್ತದೆ. ಬರಬರುತ್ತಾ ಕೆರೆಯುವುದನ್ನು ಕಡಿಮೆ ಮಾಡಿದೆ. ಕಡೆಗೆ ನಾನು ಎದುರಿಗೆ ನಿಂತರೆ ಸಾಕು, ನನ್ನ ಕೈಯನ್ನೇ ನೋಡುತ್ತಾ ಕಂಬದ ಹಾಗೆ ನಿಲ್ಲುತ್ತಿತ್ತು. ಮೊದಲ ಸಲ ಹಾಗೆ ನಿಂತ ದಿನ ತೊಟ್ಟಿಯ ಸುತ್ತ ಕುಣಿದಿದ್ದೇನೆ, ಮೂವತ್ತೇಳು ವರ್ಷದ ಗಂಡಸು!

ಅವ್ವ ದಿನಾ ಹಳೆಯ ಸೀರೆಯ ತುಂಡು ಹಿಡಿದು ಬರುತ್ತಿದ್ದಳು. “ಪೈತ್ಯನಾ, ಹುಚ್ಚಾ ನಿನಗೆ? ಅಮ್ಮನ ಸೊತ್ತು, ಶೀತ ಹತ್ತಿ ಏನಾದ್ರೂ ಆದ್ರೆ?” ಎಂದು ಬೈಯುತ್ತಾ ಅದರ ಬೆನ್ನು, ಹೊಟ್ಟೆ, ಕಿವಿಯ ಒಳಗೆಲ್ಲ ಒರೆಸುತ್ತಿದ್ದಳು. ಕಿವಿ ಒರೆಸುವಾಗ ಅದು ಅವಳ ಒಂಟಿ ಬೆಳ್ಳಿ ಬಳೆ ನೆಕ್ಕುತ್ತಿತ್ತು. ಈ ಸ್ನಾನದ ಉದ್ದೇಶವನ್ನು ನಾನು ಅವಳಿಗೆ ಹೇಳಲಿಲ್ಲ.

ಪೂಜೆಯ ದಿನ ಬೆಳಿಗ್ಗೆ ವಂಶದವರೆಲ್ಲ ಗುಡಿಯ ಬೇವಿನ ಕೆಳಗೆ ಸೇರಿದ್ದರು. ನಮ್ಮ ಸರದಿ ಬಂತು. ದೊಡ್ಡಪ್ಪ ಹಗ್ಗ ಹಿಡಿದರು. ನಾನು ಹೋತದ ಎದುರಿಗೇ ಕೈಮುಗಿದು ನಿಂತೆ. ಪೂಜಾರಿ ಮೊದಲ ಚೆಂಬು ಸುರಿದ. ಹೋತ ನನ್ನ ಕೈಗಳನ್ನು ನೋಡುತ್ತಾ ಅಲ್ಲಾಡದೆ ನಿಂತಿತು! ನನಗೆ ಕೇಕೆ ಹಾಕುವಂತಾಗಿ ತುಟಿ ಕಚ್ಚಿಕೊಂಡೆ. ಎರಡನೆಯ ಚೆಂಬು. ಅಲ್ಲಾಡಲಿಲ್ಲ. ಭಲೇ ಎಂದು ಒಳಗೊಳಗೇ ಕೂಗಿದೆ.

ಆಗ ಸುತ್ತಲೂ ಗುಸುಗುಸು ಶುರುವಾಯಿತು. “ಅಮ್ಮನಿಗೆ ಏನೋ ಕೋಪ. ಹರಕೆ ತಗೊಳ್ತಾ ಇಲ್ಲ” ಎಂದು ದೊಡ್ಡಪ್ಪ ಗಟ್ಟಿಯಾಗಿಯೇ ಹೇಳಿದರು. ನಾನು ಅವ್ವನ ಮುಖ ನೋಡಿದೆ. ಅದರಲ್ಲಿ ರಕ್ತವೇ ಇರಲಿಲ್ಲ, ತುಟಿ ಅದುರುತ್ತಿತ್ತು. ನಾನೆಂಥ ಮೂರ್ಖ! ಹೋತ ಕೊಡವದಿದ್ದರೆ ಅದು ಉಳಿಯುತ್ತದೆ ಎಂದು ಮಾತ್ರ ಯೋಚಿಸಿದ್ದೆ. ಅಮ್ಮ ಬೇಡವೆಂದರೆ ಮಗನನ್ನು ಉಳಿಸಿಕೊಡುವುದಿಲ್ಲ ಎಂದು ಅವ್ವನಿಗೆ ಕೇಳಿಸುತ್ತದೆ ಎಂಬುದು ನನ್ನ ತಲೆಗೇ ಹೋಗಿರಲಿಲ್ಲ. ತಿಂಗಳುಗಟ್ಟಲೆ ಬೆವರು ಸುರಿಸಿ ನಾನು ಹೆತ್ತವಳ ಎದೆಯ ಮೇಲೆ ಕಲ್ಲು ಹೇರಿದ್ದೆ. ಬಾಯಿಬಿಟ್ಟು ನಿಜ ಹೇಳಿದರೆ ಹೋತ ಹೋಗುತ್ತದೆ, ಹೇಳದಿದ್ದರೆ ಅವ್ವ ಇನ್ನು ಬದುಕಿರುವಷ್ಟು ದಿನ ನನ್ನ ಸಾವನ್ನೇ ಕಾಯುತ್ತಾಳೆ.

ಮೂರನೆಯದು, ಕಡೆಯ ಚೆಂಬು. ದೊಡ್ಡಪ್ಪ ಅನುಭವಸ್ಥರು. ಅದನ್ನು ತಾವೇ ತೆಗೆದುಕೊಂಡು ಹೋತದ ಬಿಳಿ ಕಿವಿ ಎತ್ತಿ ಒಳಕ್ಕೇ ಸುರಿದರು. ಕಿವಿಯೊಳಗೆ ನೀರು ಹೋದರೆ ಯಾವ ತಾಲೀಮು ನಿಲ್ಲುತ್ತದೆ? ಅದರ ಬೆನ್ನ ಚರ್ಮ ಬಾಲದ ಕಡೆಯಿಂದ ಅಲೆಅಲೆಯಾಗಿ ನಡುಗಿತು. ಇನ್ನೇನು ಕೊಡವಬೇಕು, ಅಷ್ಟರಲ್ಲಿ ಅವ್ವ ನುಗ್ಗಿಬಂದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಅದರ ಕಿವಿಯೊಳಗೆ ಒರೆಸಿದಳು. ಆಮೇಲೆ ಬೆನ್ನು, ಹೊಟ್ಟೆ. ತೊಟ್ಟಿಯ ಹತ್ತಿರ ಒರೆಸುತ್ತಿದ್ದ ಹಾಗೇ ಒರೆಸಿದಳು. ಹೋತ ತಣ್ಣಗಾಗಿ ಅವಳ ಬಳೆ ನೆಕ್ಕಿತು.

“ಏನ್ ಕೆಲಸ ಮಾಡ್ಬುಟ್ಟೆ!” ಎಂದು ದೊಡ್ಡಪ್ಪ ಗದರಿದರು.

ಅವ್ವ ಅವರ ಕಡೆ ನೋಡಲೇ ಇಲ್ಲ. ಗುಡಿಯ ಬಾಗಿಲಿಗೆ ಮುಖ ಮಾಡಿ, “ಒರೆಸಿದ್ದು ನಾನು ತಾಯಿ. ಕೋಪ ಇದ್ರೆ ನನ್ನ ಮೇಲೆ ಇರ್ಲಿ, ಮಗನ ಮೇಲೆ ಬೇಡ” ಅಂದಳು. ಬಾಯಿಯೊಳಗೇ ಇನ್ನೂ ಏನೋ ಹೇಳಿಕೊಂಡಳು, ನಮಗೆ ಕೇಳಿಸಲಿಲ್ಲ. ಪೂಜಾರಿ ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ವಿಭೂತಿ ತಂದು ನನ್ನ ಹಣೆಗಿಟ್ಟು, ಅದೇ ಬೆರಳಿನಿಂದ ಹೋತದ ಹಣೆಗೂ ಇಟ್ಟು, “ಮೂಣು ತಡವೆ ಆಚ್ಚು, ಕೂಟ್ಟಿಟ್ಟು ಪೋಂಗ” ಎಂದ. ಮೂರು ಸಲ ಆಯಿತು, ಕರೆದುಕೊಂಡು ಹೋಗಿ! ನಾನು ಎಲ್ಲರ ಎದುರಿಗೆ ಅದರ ಕೊರಳು ತಬ್ಬಿಕೊಂಡೆ. ಯಾರಾದರೂ ನಗಲಿ, ನನಗೇನು?

ಮಧ್ಯಾಹ್ನ ಬೇವಿನ ನೆರಳಲ್ಲಿ ಪಂಕ್ತಿ ಕೂತಿತು. ಬೇರೆಯವರ ಹರಕೆಯ ಕರಿ ಕೊಳಂಬು ಕುದಿಯುವ ಘಮ. ನನಗೆ ಮನೆಯಿಂದ ಕ್ಯಾರಿಯರಿನಲ್ಲಿ ಮುದ್ದೆ, ಹುರುಳಿ ಸಾರು, ಬಾಳೆದಿಂಡಿನ ಪಲ್ಯ ಬಂದಿತ್ತು. ಅವ್ವ ಯಾವಾಗಲೂ ಕೊಳಂಬಿನ ಸಾಲಿನಲ್ಲಿ ಮೊದಲು ಕೂರುವವಳು, ಎಲೆ ತಂದು ನನ್ನ ಪಕ್ಕದಲ್ಲಿ ಹಾಸಿದಳು. ಬಡಿಸುವವನು ಸೌಟು ಎತ್ತಿಕೊಂಡು ಬಂದ. ಅವಳು ಎಲೆಯ ಮೇಲೆ ಕೈ ಅಡ್ಡ ಹಿಡಿದಳು.

“ಯಾಕವ್ವ?” ಅಂದೆ.

“ಅದು ನಡುಗಿದ್ದು ನೋಡಿ ಕೈ ತಡೀಲಿಲ್ಲ, ಕೊಡ್ತೀನಿ ಅಂದಿದ್ದನ್ನ ಕೊಡಲಿಲ್ಲ. ಬದಲಿಗೆ ಏನಾದ್ರೂ ಕೊಡಬೇಕಲ್ಲ. ನನ್ನತ್ರ ಇನ್ನೇನೈತೆ? ಈ ನಾಲಗೆ ಒಂದೇ. ಇನ್ನು ಸಾಯೋಗಂಟ ಕರಿ, ಕರುವಾಡು ಮುಟ್ಟಲ್ಲ, ನನ್ನ ಮಗನ್ನ ಬಿಟ್ಟುಬಿಡು ಅಂತ ಒರೆಸ್ತಾ ಒರೆಸ್ತಾನೇ ಹೇಳ್ಬುಟ್ಟೆ.” ಅವಳ ಕಣ್ಣು ಕೊಳಂಬಿನ ಅಂಡೆಯ ಮೇಲೇ ಇತ್ತು. “ಸುಮ್ಮಾ ನೋಡ್ತಾ ಕೂತಿದ್ದೀಯಲ್ಲ, ನಿನ್ನದನ್ನ ಹಾಕು.”

ಅರ್ಧ ಮುದ್ದೆ ಮುರಿದು ಅವಳ ಎಲೆಗೆ ಹಾಕಿದೆ, ಪಲ್ಯ ಬಡಿಸಿದೆ, ಸಾರು ಬಿಟ್ಟೆ. ಅವಳು ಒಂದು ತುತ್ತು ಬಾಯಿಗಿಟ್ಟಳು. ಅಗಿದಳು. ಎಂಟು ತಿಂಗಳು ತಾನೇ ಬೇಯಿಸಿದ್ದ ಅಡುಗೆ ಮೊದಲ ಸಲ ಅವಳ ಗಂಟಲಲ್ಲಿ ಇಳಿಯಿತು. ಮುಖ ಕಿವುಚಿಕೊಂಡು ನನ್ನ ಕಡೆ ತಿರುಗಿದಳು, ಕಣ್ಣು ತುಂಬಿತ್ತು.

“ಇಷ್ಟು ದಿನ ಇದನ್ನಾ ಕಣ್ಣು ನೀ ತಿಂತಿದ್ದೆ?” ಅಂದವಳೇ ಎರಡನೆಯ ತುತ್ತಿಗೆ ಕೈಹಾಕಿದಳು.