ಗಿಡಕ್ಕೇನು ನಾಲಗೆ ಐತಾ

ಪ್ಲೇಗು ಬಂದುಹೋದ ಮೇಲಿನ ವರ್ಷಗಳು. ತಳಕು ಅನ್ನೋ ಊರಿನ ಆಚೆಯ ಒಂದು ಹಳ್ಳಿಯಲ್ಲಿ ದುರುಗಣ್ಣ ಅನ್ನೋ ರೈತನಿದ್ದ. ರಟ್ಟೆ ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ಬಾವಿ ಬತ್ತಿದಾಗ ಯಾರು ಬೇಡವೆಂದರೂ ಕೇಳದೆ ಇನ್ನೂ ಆಳಕ್ಕೆ ತೋಡಿಸಿದ. ನೀರು ಬಂತು, ಆದರೆ ಬಾಯಿಗಿಡಲಾಗದ ಸವಳು.

"ಗಿಡಕ್ಕೇನು ನಾಲಗೆ ಐತಾ?" ಅಂತ ನಕ್ಕು ಮೆಣಸಿನ ಗಿಡಕ್ಕೆ ಹಾಯಿಸಿದ.

ಎತ್ತು ಕಟ್ಟಿ ಕಪಿಲೆ ಹೊಡೆದು ಬಾವಿಯಿಂದ ನೀರೆತ್ತೋನು ಅವನು. ಮಡಿಮಡಿಗೆ ನೀರು ತಿರುವೋಳು ಹೆಂಡತಿ ಸಿದ್ದಕ್ಕ. ಬರಬರುತ್ತಾ ಎಲೆ ಬಿಳಿಚಿತು, ಅಂಚು ಸುಟ್ಟಿತು. ಕೆಸರಲ್ಲೇ ನಿಂತ ಗಿಡ ಮಧ್ಯಾಹ್ನಕ್ಕೆ ಜೋತು ಬೀಳುತ್ತಿತ್ತು. ನೀರು ಸಾಲದು ಅಂದ ದುರುಗಣ್ಣ.

"ಕಾಲು ಹೂತೋಗ್ತೈತೆ, ಇನ್ನೆಷ್ಟು ಬಿಡಾನ?" ಅಂದಳು ಸಿದ್ದಕ್ಕ.

"ಬೇಲಿ ನೆರಳಾಗೆ ಕುಂತ್ಕಂಡು ಹರಟೆ ಹೊಡ್ದ್ರೆ ಗಿಡ ಕುಡಿತಾವಾ?"

ಅಷ್ಟಕ್ಕೇ ಬಿಡಲಿಲ್ಲ. ಊರ ಕಟ್ಟೆಯ ಮೇಲೆ, ಹಿರಿಯ ತಿಪ್ಪೇರುದ್ರಪ್ಪನ ಎದುರಿಗೇ ಅವಳನ್ನು ಮೈಗಳ್ಳಿ ಅಂದ. ತವರಿಗಟ್ಟಿದ. ಸಿದ್ದಕ್ಕ ಗಂಟು ಕಟ್ಟಿಕೊಂಡು ತಳಕಿನ ದಾರಿ ಹಿಡಿದಳು.

ಕಪಿಲೆಗೆ ಪಕ್ಕದ ಹೊಲದ ಪಾಲಣ್ಣನನ್ನು ನಿಲ್ಲಿಸಿ ತಾನೇ ಮಡಿಗಿಳಿದ. ಮೊದಲಿಗಿಂತ ಹೆಚ್ಚು ನೀರು ಕುಡಿಸಿದ. ಗಿಡ ಮೊದಲಿಗಿಂತ ಬೇಗ ಒಣಗಿತು.

ಒಂದು ದಿನ ನೊಗ ಬಿಚ್ಚಿದರೆ ಎತ್ತುಗಳು ಮೇವು ಬಿಟ್ಟು ಕಾಲುವೆಯ ಬದು ನೆಕ್ಕುತ್ತಿವೆ. ಬದುವಿನ ಮೇಲೆ ಬೂದಿ ಚೆಲ್ಲಿದಂತೆ ಬಿಳುಪು.

"ನಿನ್ನ ಎತ್ತಿಗೆ ಐತೆ ನೋಡ್ಲೇ ನಾಲಗೆ" ಅಂದ ಪಾಲಣ್ಣ.

ದುರುಗಣ್ಣ ಚಿಟಿಕೆ ಮಣ್ಣು ಬಾಯಿಗಿಟ್ಟುಕೊಂಡ. ಉಪ್ಪು. ಉಗಿಯಲೂ ಆಗಲಿಲ್ಲ ಅವನಿಗೆ, ನುಂಗಲೂ ಆಗಲಿಲ್ಲ.

ಎಲೆಯ ಹಸಿರೇ ಗಿಡ ಅಡುಗೆ ಮಾಡಿಕೊಳ್ಳೋ ಒಲೆ, ಬಿಸಿಲೇ ಉರಿ. ಮಣ್ಣಲ್ಲಿ ಉಪ್ಪು ಹೆಚ್ಚಾದರೆ ಬೇರು ನೀರೆಳೆಯಲಾರದು. ಇದ್ದ ತೇವ ಉಳಿಸಿಕೊಳ್ಳೋಕೆ ಎಲೆ ತನ್ನ ಸಣ್ಣ ಬಾಯಿಗಳನ್ನು ಮುಚ್ಚುತ್ತೆ, ಅಡುಗೆಗೆ ಬೇಕಾದ ಗಾಳಿ ಒಳಗೆ ಬರೋದು ನಿಲ್ಲುತ್ತೆ. ಒಳಹೊಕ್ಕ ಉಪ್ಪು ಹಸಿರನ್ನೂ ತಿನ್ನುತ್ತೆ. ಒಲೆ ಆರುತ್ತೆ. ನೀರಲ್ಲಿ ನಿಂತೇ ಬಾಯಾರಿ, ಬಿಸಿಲಲ್ಲಿ ನಿಂತೇ ಹಸಿದು ಸಾಯೋದು ಅಂದರೆ ಇದು. ಇಷ್ಟೆಲ್ಲ ದುರುಗಣ್ಣನಿಗೆ ಗೊತ್ತಿರಲಿಲ್ಲ, ಸರಿ. ನೀರು ಸವಳು ಅನ್ನೋದು ಗೊತ್ತಿತ್ತಲ್ಲ.

ಆಮೇಲೆ ಕಟ್ಟೆ ತಪ್ಪಿಸಿ ಹಿತ್ತಿಲ ಸಂದಿಗಳಲ್ಲಿ ಓಡಾಡಿದ. ಮುಸುರೆ ಪಾತ್ರೆ ನೋಡಿದರೂ ಹೆಂಡತಿಯ ಮುಖ ಕಾಣುತ್ತಿತ್ತು. ಕೊನೆಗೆ ತಳಕಿಗೆ ಹೋಗಿ ಅತ್ತೆಯ ಅಂಗಳದಲ್ಲಿ ತಲೆ ತಗ್ಗಿಸಿ ನಿಂತ.

"ತಪ್ಪಾಯ್ತು, ನಡಿ."

ಸಿದ್ದಕ್ಕ ಮೊರ ಕೆಳಗಿಡಲಿಲ್ಲ. "ಕಟ್ಟೆ ಮ್ಯಾಲೆ ಉಗುಳಿದ್ದನ್ನ ನಮ್ಮವ್ವನ ಅಂಗಳದಾಗೆ ಒರೆಸ್ತೀಯಾ? ಅಲ್ಲೇ ಬಂದು ಒರೆಸು."

ಒರೆಸಬೇಕಾಯಿತು. ಕಟ್ಟೆಯ ಮೇಲೆ ಅವತ್ತು ಕೂತಿದ್ದವರೇ ಕೂತಿದ್ದರು, ಸಿದ್ದಕ್ಕ ಗಂಟು ಕೆಳಗಿಟ್ಟು ಪಕ್ಕದಲ್ಲಿ ನಿಂತಿದ್ದಳು.

"ಇವಳು ನೀರು ಸರಿಯಾಗೇ ಬಿಟ್ಟಳು" ಅಂದ ದುರುಗಣ್ಣ, ನೆಲ ನೋಡುತ್ತಾ. "ಉಪ್ಪು ಉಣಿಸಿ ಕೊಂದೋನು ನಾನು."

"ಕೇಳಿಸ್ಲಿಲ್ಲ ಕಣಲೇ" ಅಂದ ತಿಪ್ಪೇರುದ್ರಪ್ಪ.

ಇನ್ನೊಂದು ಸಲ ಹೇಳಿದ. ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಹಗುರಾಗುತ್ತಿತ್ತು. ಸಿದ್ದಕ್ಕ ಗಂಟು ಎತ್ತಿಕೊಂಡು ಮನೆ ಕಡೆ ಮುಂದೆ ನಡೆದಳು. ಅವನು ಹಿಂದೆ.